ಹಳೇ ಕಾರು, ಹೊಸ ಸದ್ದು: ಮೆಕ್ಯಾನಿಕ್ ಸ್ಟೆತಸ್ಕೋಪ್ ಬಳಸಿ ನೋಡಿದ್ದು

ಈ ಸ್ಟೆತಸ್ಕೋಪ್ ಕೊಳ್ಳೋಣ ಅಂದುಕೊಂಡವರಿಗೆ ಮೊದಲೇ ಒಂದು ಮಾತು. ಮೊದಲ ಸಲ ಎಂಜಿನ್ ಮೇಲೆ ಇಟ್ಟು ಕೇಳಿದಾಗ ಗಾಬರಿಯಾಗಬೇಡಿ. ಇದರಲ್ಲಿ ಕೇಳಿದರೆ ಗಟ್ಟಿಮುಟ್ಟಾದ ಎಂಜಿನ್ನೂ ಇವತ್ತೋ ನಾಳೆಯೋ ಕೈಕೊಡುವ ಹಾಗೆ ಅನಿಸುತ್ತದೆ. ಎಲ್ಲಿ ಇಟ್ಟರೂ ಗರಗರ, ಎಲ್ಲಿ ಇಟ್ಟರೂ ಟಕಟಕ. ಯಾವುದು ಸಹಜ, ಯಾವುದು ರೋಗ ಅಂತ ಬಾಕ್ಸಿನೊಳಗಿನ ಚೀಟಿಯಲ್ಲಿ ಒಂದು ಸಾಲೂ ಇಲ್ಲ. ನನ್ನ ದೊಡ್ಡ ದೂರು ಇದೇ.

ಸಾಮಾನು ಹೇಗಿರುತ್ತೆ ಅಂತ ನೀವು ಫೋಟೋದಲ್ಲಿ ನೋಡಿಯೇ ಇರುತ್ತೀರಿ. ಡಾಕ್ಟರ ಹತ್ತಿರ ಇರುವಂಥದ್ದೇ. ಎದೆಗೆ ಇಡುವ ಬಿಲ್ಲೆಯ ಬದಲು ಉದ್ದನೆಯ ಉಕ್ಕಿನ ಕಡ್ಡಿ, ಅಷ್ಟೆ. 1816ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಬಡಿತ ಕೇಳಿದ್ದರಿಂದ ಶುರುವಾದ ಕಥೆ ಇದು. ಹಳೇ ಮೆಕ್ಯಾನಿಕ್‌ಗಳು ಇದೇ ಕೆಲಸಕ್ಕೆ ಉದ್ದನೆ ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ. ಅದಕ್ಕೆ ಖರ್ಚಿಲ್ಲ ನಿಜ. ಆದರೆ ತಿರುಗುವ ಬೆಲ್ಟಿನ ಪಕ್ಕದಲ್ಲಿ ತಲೆ ಬಗ್ಗಿಸಬೇಕು. ಅದು ನನ್ನಿಂದ ಆಗುವುದಿಲ್ಲ, ಅದಕ್ಕೇ ಇದನ್ನು ಕೊಂಡೆ.

ನನ್ನದು ಹಳೇ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಮ್ಯಾನುಯಲ್ ಗೇರ್, ಮುಂದಿನ ಚಕ್ರಗಳಿಗೆ ಡ್ರೈವ್. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ, ಇದನ್ನು ಮಾರುವ ಮನಸ್ಸೂ ಇಲ್ಲ. ಸದ್ದು ಬಂದಾಗಲೆಲ್ಲ ಗ್ಯಾರೇಜಿಗೆ ಓಡುತ್ತಿದ್ದರೆ ಗಿಟ್ಟುವುದಿಲ್ಲ.

ಈಗ ಇದೊಂದು ಅಭ್ಯಾಸವೇ ಆಗಿಬಿಟ್ಟಿದೆ. ರಜೆ ದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತುತ್ತೇನೆ. ತೋಳು ಮಡಿಸಿ, ವಾಚು ಬಿಚ್ಚಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಹ್ಯಾಂಡ್‌ಬ್ರೇಕ್ ಹಾಕಿದೆಯಾ ಅಂತ ನೋಡಿ ಸ್ಟಾರ್ಟ್ ಮಾಡುತ್ತೇನೆ. ಮೊದಲು ಬರೀ ಕಿವಿ, ಸ್ಟೆತಸ್ಕೋಪ್ ಮುಟ್ಟುವುದಿಲ್ಲ. ತಣ್ಣಗಿರುವಾಗ ಟಿಕ್ ಟಿಕ್ ಅಂದು ಬಿಸಿಯಾದಂತೆ ಅಡಗುವ ಸದ್ದಿದ್ದರೆ ಎಂಜಿನ್ನಿನಿಂದ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ (ಸಂದು ಮುಚ್ಚುವ ಪಟ್ಟಿ) ಮೇಲೆ ಅನುಮಾನ. ಬಿಸಿಗೆ ಲೋಹ ಹಿಗ್ಗುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಸದ್ದು ಮಾಯ, ಅಲ್ಲಿ ನಾವು ಸುಮ್ನೆ ಸುಳ್ಳು ಹೇಳಿದ ಹಾಗಾಗುತ್ತದೆ.

ಆಮೇಲೆ ಕಡ್ಡಿ. ಮೊದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು. ಒಂದೊಂದರ ಮೈಮೇಲೂ ಮೆಲ್ಲಗೆ ಇಟ್ಟರೆ ಚೊಕ್ಕವಾದ ಟಿಕ್ ಟಿಕ್ ಕೇಳುತ್ತದೆ. ನಾಲ್ಕೂ ಒಂದೇ ಥರ ಕೇಳಬೇಕು. ಒಂದು ಸುಮ್ಮನಿದ್ದರೆ ಅದಕ್ಕೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಅದೇ ಕಚ್ಚಿಕೊಂಡಿದೆ. ನಿಜ ಹೇಳಬೇಕೆಂದರೆ ಇಲ್ಲಿ ನನಗೆ ಕೆಲಸವೇನೂ ಇರುವುದಿಲ್ಲ. ನಾಲ್ಕೂ ಚೆನ್ನಾಗಿವೆ. ಆದರೂ ಕೇಳುತ್ತೇನೆ, ಅಷ್ಟು ಖುಷಿ.

ಮುಂದೆ ವಾಲ್ವ್ ಕವರ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ತಿರುಗುವುದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ. ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ವೇಗ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಇದ್ದರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ ತೆರೆಯುತ್ತದೆ, ಸೆಕೆಂಡಿಗೆ ಆರೇಳು ಸಲ. ವಾಲ್ವ್ ಒತ್ತುವ ಟ್ಯಾಪೆಟ್ ಒಂದು ಸಡಿಲವಾಗಿದ್ದರೆ ಸದ್ದು ಸರಿಯಾಗಿ ಆ ಲಯದಲ್ಲೇ ಬರುತ್ತದೆ. ಅದರ ಎರಡು ಪಟ್ಟು ವೇಗದಲ್ಲಿ, ಎಂಜಿನ್ನಿನ ಕೆಳಗಿನಿಂದ, ಭಾರವಾದ ದಬ್ ದಬ್ ಬಂದು ಲೋಡ್ ಬಿದ್ದಾಗ ಜೋರಾದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿರಬಹುದು. ಆಗ ಎಂಜಿನ್ ಆಫ್ ಮಾಡಿ, ಆಯಿಲ್ ಮಟ್ಟ ನೋಡಿ, ಕಾರನ್ನು ಎಳೆಸಿಕೊಂಡು ಹೋಗಿ. ಅಲ್ಲಿ ಈ ಆಟ ಬೇಡ.

ಹೀಗೆ ಆಗಾಗ ಕೇಳುತ್ತಾ ಕೇಳುತ್ತಾ ಮೊದಲ ದೂರು ತಾನಾಗಿ ಕರಗಿತು. ಆ ಗರಗರದಲ್ಲಿ ಮುಕ್ಕಾಲು ಪಾಲು ನನ್ನ ಕಾರಿನ ಎಂದಿನ ಸದ್ದು. ಹಾಗಾಗಿ ಸದ್ದು ಬಂದ ಮೇಲೆ ಇದನ್ನು ಕೊಂಡರೆ ಅರ್ಧ ಉಪಯೋಗ ಹೋಯಿತು. ಕಾರು ಚೆನ್ನಾಗಿರುವಾಗಲೇ ಕಿವಿ ಪಳಗಬೇಕು.

ಇದರ ದುಡ್ಡು ವಾಪಸ್ ಬಂದದ್ದು ಬೆಲ್ಟಿನ ಕಡೆಯಿಂದ. ಐಡಲ್‌ನಲ್ಲಿ ಕರಕರ ಅನ್ನುತ್ತಿತ್ತು. ಗ್ಯಾರೇಜಿನಲ್ಲಿ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬದಲಿಸಬೇಕು ಅಂದರು. ಮನೆಗೆ ಬಂದು ಕಡ್ಡಿಯನ್ನು ಒಂದೊಂದರ ಮೇಲೂ ಇಟ್ಟೆ. ತಿರುಗುವ ಭಾಗಕ್ಕೆ ಮುಟ್ಟಿಸಬಾರದು. ತಿರುಗದ ಬೋಲ್ಟ್ ಅಥವಾ ಹೊರಕವಚಕ್ಕೆ ಮಾತ್ರ. ಆಲ್ಟರ್ನೇಟರ್ ಸುಂಯ್ ಅಂತ ಹಾಯಾಗಿತ್ತು. ವಾಟರ್ ಪಂಪ್ ಕೂಡ. ಬೆಲ್ಟಿಗೆ ದಾರಿ ತೋರುವ ಗಾಲಿ, ಐಡ್ಲರ್ ಪುಲ್ಲಿಯ ಬೋಲ್ಟಿಗೆ ಇಟ್ಟ ಕೂಡಲೇ ಕಿವಿಯೊಳಗೇ ಜಲ್ಲಿ ಅರೆದ ಹಾಗಾಯಿತು. ಎಂಜಿನ್ ಆಫ್ ಮಾಡಿ, ಬೆಲ್ಟ್ ತೆಗೆದು, ಪುಲ್ಲಿಯನ್ನು ಕೈಯಿಂದ ತಿರುಗಿಸಿದರೆ ಅದರ ಒರಟುತನ ಬೆರಳಿಗೇ ತಿಳಿಯಿತು. ಪುಲ್ಲಿ ಒಂದನ್ನೇ ಬದಲಿಸಿದೆ, ಸದ್ದು ನಿಂತಿತು. ಬೆಲ್ಟೇ ಕೀಚ್ ಕೀಚ್ ಅನ್ನುತ್ತಿದ್ದರೆ ಮಾತ್ರ ಸ್ಟೆತಸ್ಕೋಪ್ ಬೇಕಿಲ್ಲ. ದೂರದಿಂದ ಅದರ ಮೇಲೆ ನೀರು ಚಿಮುಕಿಸಿ. ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಇನ್ನೂ ಜೋರಾದರೆ ಬೆಲ್ಟ್ ಸಡಿಲ.

ಇಷ್ಟರವರೆಗೆ ಹೊಗಳಿಕೆ. ಇನ್ನು ಸಿಟ್ಟಿನ ವಿಷಯ.

ನನ್ನನ್ನು ಹೆಚ್ಚು ಕಾಡಿದ್ದು ಕ್ಲಚ್ ಕಡೆಯಿಂದ ಬಂದ ಸದ್ದು. ನ್ಯೂಟ್ರಲ್‌ನಲ್ಲಿ ನಿಂತಾಗ ಗೊಳಗೊಳ. "ಗೇರ್‌ಬಾಕ್ಸ್ ಇಳಿಸ್ಲೇಬೇಕು ಸಾರ್, ಒಳಗೇನಾಗಿದೆಯೋ ನೋಡ್ಬೇಕು" ಅಂದರು ಮೆಕ್ಯಾನಿಕ್. ಬೆಲ್ ಹೌಸಿಂಗ್, ಅಂದರೆ ಕ್ಲಚ್ ಮುಚ್ಚಿರುವ ಕವಚದ ಮೇಲೆ ಕಡ್ಡಿ ಇಟ್ಟರೆ ಏನೂ ಬಿಡಿಸಿ ಕೇಳುವುದಿಲ್ಲ. ಅಲ್ಯುಮಿನಿಯಂ ಕವಚದಲ್ಲಿ ಎಂಜಿನ್ ಸದ್ದು, ಗೇರ್ ಸದ್ದು, ಬೇರಿಂಗ್ ಸದ್ದು ಎಲ್ಲ ಕಲಸಿಹೋಗಿರುತ್ತದೆ. ಎಲ್ಲಿ ಇಟ್ಟರೂ ಒಂದೇ. ಇದನ್ನು ಕೊಂಡದ್ದೇ ಇಂಥ ಸದ್ದಿಗಾಗಿ, ಅಲ್ಲೇ ಕೈಕೊಟ್ಟಿತು.

ಉತ್ತರ ಹೇಳಿದ್ದು ಪುಕ್ಕಟೆ ಸಿಗುವ ಸಾಧನ, ಕ್ಲಚ್ ಪೆಡಲ್. ಮ್ಯಾನುಯಲ್ ಕಾರಿನವರ ಅದೃಷ್ಟ ಇದು. ನ್ಯೂಟ್ರಲ್‌ನಲ್ಲಿ ಪೆಡಲ್‌ನಿಂದ ಕಾಲು ತೆಗೆದರೆ ಗೇರ್‌ಬಾಕ್ಸಿನೊಳಕ್ಕೆ ಹೋಗುವ ದಂಡ, ಇನ್‌ಪುಟ್ ಶಾಫ್ಟ್, ಎಂಜಿನ್ ಜೊತೆ ತಿರುಗುತ್ತದೆ. ಪೆಡಲ್ ಪೂರ್ತಿ ಒತ್ತಿದರೆ ಅದು ನಿಲ್ಲುತ್ತದೆ, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಒತ್ತಿದಾಗ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್. ಒತ್ತಿದಾಗ ಸದ್ದು ಸತ್ತರೆ ಗೇರ್‌ಬಾಕ್ಸಿನ ಒಳಗೆ. ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ರಿಲೀಸ್ ಬೇರಿಂಗ್ ಯಾವಾಗಲೂ ಹಗುರಾಗಿ ತಾಗಿಕೊಂಡೇ ಇರುತ್ತದೆ. ಅಲ್ಲಿ ಪೆಡಲ್ ಮೇಲೆ ಕಾಲು ಸುಮ್ಮನೆ ಊರಿದ ಕೂಡಲೇ ಚಿರ್ ಚಿರ್ ನಿಂತರೆ, ಆಗಲೂ ಅನುಮಾನ ರಿಲೀಸ್ ಬೇರಿಂಗ್ ಮೇಲೇ.

ನನ್ನ ಕಾರಿನಲ್ಲಿ ಪೆಡಲ್ ಮೇಲೆ ಕಾಲು ಊರಿದರೆ ಸಾಲದು, ಪೂರ್ತಿ ಒತ್ತಿದಾಗ ಸದ್ದು ಸಾಯುತ್ತಿತ್ತು. ಕಾಲು ತೆಗೆದು ಆಕ್ಸಿಲರೇಟರ್ ಸ್ವಲ್ಪ ಒತ್ತಿ ಐಡಲ್‌ಗಿಂತ ಮೇಲೆ ಹೋದರೂ ಗೊಳಗೊಳ ಇಲ್ಲ. ಬೇರಿಂಗ್ ಸವೆದಿದ್ದರೆ ಆರ್‌ಪಿಎಂ ಜೊತೆಗೇ ಗುಂಯ್ ಅಂತ ಏರಬೇಕಿತ್ತು, ಗೇರ್ ಹಾಕಿ ಓಡಿಸುವಾಗಲೂ ಕೇಳಬೇಕಿತ್ತು. ಹಾಗಾಗಿ ಇದು ಭಾರವಿಲ್ಲದ ಗೇರ್ ಹಲ್ಲುಗಳು ಐಡಲ್‌ನ ಅದುರಿಗೆ ಒಂದಕ್ಕೊಂದು ಬಡಿದುಕೊಳ್ಳುವ ಸದ್ದು ಅಂತ ತೀರ್ಮಾನಿಸಿದೆ. ಗೇರ್ ಆಯಿಲ್ ಬದಲಿಸಿದೆ. ಡ್ರೈನ್ ಪ್ಲಗ್ಗಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇತ್ತು, ಅದು ಸಹಜ. ಲೋಹದ ಚೂರುಗಳಿದ್ದರೆ ಗೇರ್‌ಬಾಕ್ಸ್ ಇಳಿಸುತ್ತಿದ್ದೆ. ಅಂದಹಾಗೆ ಕಾರಿನ ಕೈಪಿಡಿಯಲ್ಲಿ ಗೇರ್ ಆಯಿಲ್ ದರ್ಜೆ ಜಿಎಲ್-4 ಅಂತ ಇದ್ದರೆ ಜಿಎಲ್-5 ಹಾಕಬೇಡಿ, ಅದರ ರಾಸಾಯನಿಕಗಳು ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಆಗಿಬರುವುದಿಲ್ಲ. ಸದ್ದು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ನನ್ನ ಜೇಬಿಗೆ ಅಷ್ಟು ಸಾಕು.

ಓಡುವಾಗ ಬರುವ ಸದ್ದುಗಳಿಗಂತೂ ಈ ಸ್ಟೆತಸ್ಕೋಪ್ ಉಪಯೋಗಕ್ಕಿಲ್ಲ, ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಕೂತು ತಾನೇ ಗಡಗಡ ಅನ್ನುತ್ತದೆ. ಬಟ್ಟೆ ಸುತ್ತಿ ಇಡಿ. ವೇಗದ ಜೊತೆ ಏರಿಳಿದು, ಗೇರ್ ಬದಲಿಸಿದರೂ ಬದಲಾಗದ ಸದ್ದು ಚಕ್ರದ ಕಡೆಯದು. ರಸ್ತೆಯ ಮೇಲ್ಮೈ ಬದಲಾದಾಗ ಸದ್ದೂ ಬದಲಾದರೆ ಟೈರ್. ಹಾಗೇ ಉಳಿದು, ಎಡಕ್ಕೆ ಉದ್ದನೆಯ ತಿರುವಿನಲ್ಲಿ ಜೋರಾದರೆ ಬಲಗಡೆ ಬೇರಿಂಗ್, ಯಾಕೆಂದರೆ ಆಗ ಭಾರ ಬಲಕ್ಕೆ ಬೀಳುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಳೆಯುವಾಗ ಲಟ ಲಟ ಸದ್ದು ಬಂದರೆ ಹೊರಗಿನ ಸಿವಿ ಜಾಯಿಂಟ್, ಅಂದರೆ ತಿರುಗುವ ಚಕ್ರಕ್ಕೆ ಎಂಜಿನ್ ಶಕ್ತಿ ಮುಟ್ಟಿಸುವ ಕೀಲು. ಇದಕ್ಕೆಲ್ಲ ಬೇಕಾದ್ದು ಕಿಟಕಿ ಇಳಿಸಿದ ಕಾರು, ಖಾಲಿ ರಸ್ತೆ, ಆಫ್ ಮಾಡಿದ ರೇಡಿಯೋ.

ಆದರೂ ಕೊನೆಗೆ ಇದು ಸ್ವಲ್ಪ ಮಾನ ಉಳಿಸಿಕೊಂಡಿತು. ಮುಂದಿನ ಚಕ್ರದ ಗುಂಯ್‌ಗೆ ಕಾರನ್ನು ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲೆ ಇಟ್ಟೆ. ಬಲಗಡೆ ಸ್ಪ್ರಿಂಗಿನಲ್ಲಿ ನವಿರಾದ ಅದುರು ಸಿಕ್ಕಿತು. ಕಡ್ಡಿಯನ್ನು ಸ್ಟೀರಿಂಗ್ ನಕಲ್ (ಚಕ್ರದ ಬೇರಿಂಗ್ ಹಿಡಿದಿರುವ ಭಾಗ) ಮೇಲೆ ಇಟ್ಟಾಗ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ನಿಚ್ಚಳವಾಗಿ ಕೇಳಿತು. ಎಂಜಿನ್ ಆಫ್ ಇರುವ ಈ ಮೌನದಲ್ಲಿ ಇದಕ್ಕೆ ಸಾಟಿಯಿಲ್ಲ.

ಕಡ್ಡಿ ಬಿಚ್ಚಿ ಬರೀ ಟ್ಯೂಬ್ ಬಳಸಿದರೆ ಗಾಳಿ ಸೋರುವ ಸುಸ್ ಸದ್ದು ಹುಡುಕಬಹುದು. ವ್ಯಾಕ್ಯೂಮ್ ಪೈಪ್ ಬಿರುಕು ಹೀಗೇ ಸಿಗುತ್ತದೆ. ಆಗ ಟ್ಯೂಬ್ ಫ್ಯಾನಿನ ಕಡೆ ಜೋತುಬೀಳದಂತೆ ನೋಡಿಕೊಳ್ಳಿ, ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ. ಕಡ್ಡಿಯನ್ನು ಸ್ಪಾರ್ಕ್ ಪ್ಲಗ್ ವೈರ್‌ಗಳ ಹತ್ತಿರವೂ ಒಯ್ಯಬೇಡಿ.

ತಯಾರಿಕೆ ಸಾಧಾರಣ. ಕಡ್ಡಿ ಕೂರುವ ಜಾಗ ಸಡಿಲವಾಗುತ್ತದೆ, ಆಗಾಗ ಬಿಗಿಸಬೇಕು. ಬಿಸಿಗೆ ರಬ್ಬರ್ ಗಟ್ಟಿಯಾಗಿದೆ. ಕಿವಿಗೆ ಹಾಕುವ ಪ್ಲಾಸ್ಟಿಕ್ ತುದಿಗಳು ಹತ್ತು ನಿಮಿಷಕ್ಕೇ ನೋಯಿಸುತ್ತವೆ. ಡಾಕ್ಟರ ಸ್ಟೆತಸ್ಕೋಪಿನ ಮೆತ್ತನೆ ತುದಿಗಳನ್ನು ಹಾಕಿ ನೋಡಿದೆ, ನನ್ನದಕ್ಕೆ ಸರಿಯಾಗಿ ಕೂತವು. ಐದಕ್ಕೆ ಮೂರೂವರೆ ಅಂಕ. ಆ ತುದಿಗಳನ್ನು ಜೊತೆಯಲ್ಲೇ ಕೊಟ್ಟಿದ್ದರೆ ನಾಲ್ಕು ಕೊಡುತ್ತಿದ್ದೆ.