700 ಗ್ರಾಂ ಜಾವೆಲಿನ್: ಕರಾವಳಿಯ ಹುಡುಗರಿಗೆ ಯಾವುದು, ಎಷ್ಟು ದಿನ ಬಾಳುತ್ತದೆ?

ಬ್ಯೂನಸ್ ಐರಿಸ್‌ನ 2018ರ ಯುವ ಒಲಿಂಪಿಕ್ಸ್‌ನಲ್ಲಿ ಹುಡುಗರು ಎಸೆದದ್ದು 700 ಗ್ರಾಂ ಜಾವೆಲಿನ್, ಹುಡುಗಿಯರು 500. ನಮ್ಮಲ್ಲಿ ಮಾತ್ರ ಬಹಳಷ್ಟು ಕಡೆ ಹುಡುಗರ ಕೈಗೆ ಸಿಗುವುದು ಬಿದಿರಿನದ್ದು, ಇಲ್ಲವೇ ದೊಡ್ಡವರ 800 ಗ್ರಾಮಿನದ್ದು. ಹದಿನೈದರ ಹುಡುಗ ದಿನವೂ 800 ಎಸೆದರೆ ಮೊಣಕೈಯ ಒಳಮಗ್ಗುಲು ನೋಯಲು ಶುರುವಾಗುತ್ತದೆ. ಅಂಥವರಿಗೆ 60 ಮೀಟರ್ ದರ್ಜೆಯ, ಅಂದರೆ ಸುಮಾರು ಅಷ್ಟು ದೂರದವರೆಗಿನ ಎಸೆತಕ್ಕೆಂದು ಮಾಡಿದ, ಅಲ್ಯೂಮಿನಿಯಂ 700 ತಕ್ಕದ್ದು. ‘ಮುಂದೆ ಬೇಕಾದೀತು’ ಅಂತ 80ರ ದರ್ಜೆಯದ್ದು ತಂದರೆ ಗಟ್ಟಿ ದಂಡ ಎಳೆಯ ಕೈಗೆ ಒಗ್ಗುವುದಿಲ್ಲ. ವೇಗ ಸಾಲದೆ ಮೊನೆ ಏಳುತ್ತದೆ, ಜಾವೆಲಿನ್ ಅಡ್ಡಡ್ಡ ಬೀಳುತ್ತದೆ.

ಅಂಗಡಿಗೆ ಟೇಪು ಒಯ್ಯಿರಿ. ಉದ್ದ 2.30ರಿಂದ 2.40 ಮೀಟರ್, ಹುರಿ ಸುತ್ತಿದ ಹಿಡಿ 15ರಿಂದ 16 ಸೆಂಟಿಮೀಟರ್. ದಾರದಲ್ಲಿ ತೂಗುಹಾಕಿ ಸಮತೂಕ ಬರುವ ಜಾಗ ಗುರುತಿಸಿ: ಮೊನೆಯಿಂದ ಅಲ್ಲಿಗೆ 86 ಸೆಂಟಿಮೀಟರಿಗೆ ಕಡಿಮೆಯಾಗಲಿ, 1 ಮೀಟರಿಗೆ ಹೆಚ್ಚಾಗಲಿ ಇದ್ದರೆ ಬೇಡ. ತೂಕ 705ರಿಂದ 725 ಗ್ರಾಂ ಒಳಗಿರಲಿ. ಕರಾರುವಾಕ್ಕಾಗಿ 700 ಇದ್ದದ್ದು ಮೊನೆ ಸವೆದು ಒಂದು ಗ್ರಾಂ ಇಳಿದರೂ ಕೂಟದ ತಪಾಸಣೆಯಲ್ಲಿ ಪಕ್ಕಕ್ಕೆ ಹೋಗುತ್ತದೆ.

ಕಾರವಾರದಲ್ಲಿ ಇದರ ದೊಡ್ಡ ಶತ್ರು ಉಪ್ಪು. ಉಕ್ಕಿನ ತಲೆ ಅಲ್ಯೂಮಿನಿಯಂ ದಂಡಕ್ಕೆ ಕೂಡುವ ಸಂದಿಯಲ್ಲಿ ಉಪ್ಪುತೇವ ನಿಂತರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಮೊದಲು ಸುಣ್ಣದಂಥ ಬಿಳಿ ಪುಡಿ, ಆಮೇಲೆ ಸಣ್ಣ ಗುಳಿ, ಕೊನೆಗೆ ತಲೆ ಹಿಡಿದು ತಿರುಚಿದರೆ ಅಲುಗುತ್ತದೆ. ಅಲುಗುವುದನ್ನು ಎಸೆಯಲೇಬೇಡಿ. ಕಡಲತೀರದ ಅಭ್ಯಾಸ ಮುಗಿದ ಕೂಡಲೇ ಸಿಹಿನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಸಂದಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಿ. ಹಿಡಿಗೆ ಎಣ್ಣೆ ತಾಗದಿರಲಿ.

ಶಿರಸಿ ಕಡೆ ಕಾಟ ಮಳೆಗಾಲದ ಬೂಸ್ಟು. ಒದ್ದೆಯಾದ ಹಿಡಿಯನ್ನು ಬಚ್ಚಲೊಲೆಯ ಹತ್ತಿರ ಒಣಗಿಸುವುದು ಬೇಡ, ಬಿಸಿಗೆ ಅಂಟು ಬಿಟ್ಟು ಹುರಿ ಜಾರುತ್ತದೆ. ಫ್ಯಾನ್ ಗಾಳಿ ಸಾಕು. ಮೂಲೆಗೆ ಓರೆಯಾಗಿ ಒರಗಿಸಿಟ್ಟರೆ ದಂಡ ಬಾಗುತ್ತದೆ. ಗೋಡೆಗೆ ಮೂರು ಗೂಟ ಹೊಡೆದು ಅಡ್ಡ ಮಲಗಿಸಿ.

ಚಿರೆಕಲ್ಲು ಎದ್ದಿರುವ ಮೈದಾನದಲ್ಲಿ ಮೊನೆ ಒಂದೇ ಏಟಿಗೆ ಬಾಗಬಹುದು. ಬೀಳುವ ಜಾಗಕ್ಕೆ ಮಣ್ಣು ಹೊಡೆಸಿ. ಮರಳಲ್ಲಿ ಮೊನೆ ಉಳಿಯುತ್ತದೆ, ಆದರೆ ಓಡಿ ಬಂದು ಊರಿದ ಮುಂಗಾಲು ಹುಗಿದುಹೋಗಿ ತಡೆ ಸಿಗುವುದಿಲ್ಲ. ಅಲ್ಲಿ ನಿಂತು ಎಸೆಯುವುದು, ಹೆಚ್ಚೆಂದರೆ ಮೂರು ಹೆಜ್ಜೆ. ಅದೂ ಜನ ಇಲ್ಲದ ಬೆಳಗ್ಗೆ ಮಾತ್ರ.

ಹುಡುಗನ ಎಸೆತ 60 ಮೀಟರ್ ಸಮೀಪಿಸಿದ ಮೇಲೆ ಈ ಮೆದು ದಂಡ ಗಾಳಿಯಲ್ಲಿ ನಡುಗುವುದು ಕಣ್ಣಿಗೇ ಕಾಣುತ್ತದೆ. ಆಗ 70ರ ದರ್ಜೆಗೆ ಹೋಗಿ, ಹಳೆಯದನ್ನು ಕಿರಿಯರಿಗೆ ಕೊಡಿ.