ಆರ್ಫಾ ಕೋಡ್: ಅಪರೂಪದ ಕಾಯಿಲೆಗಳ ಲೆಕ್ಕಕ್ಕೆ ಎಷ್ಟು ಒದಗುತ್ತದೆ?

ಒಂದು ಕಿಣ್ವದ ಕೊರತೆಯಿಂದ ಹುಟ್ಟಿನಿಂದಲೇ ಬರುವ ಅಪರೂಪದ ಗೋಶೆ ಕಾಯಿಲೆಯ ಮಗುವಿನ ಕೇಸ್ ಶೀಟ್ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಬಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣವಾದ ಐಸಿಡಿ-10ರಲ್ಲಿ ಅದಕ್ಕೆ ಸಿಗುವ ಕೋಡ್ ಇ75.2. ಬೇರೆ ಅಪರೂಪದ ಕಾಯಿಲೆಗಳಾದ ಫ್ಯಾಬ್ರಿಗೂ ಅದೇ, ಕ್ರಾಬೆಗೂ ಅದೇ, ನೀಮನ್-ಪಿಕ್‌ಗೂ ಅದೇ. ವರ್ಷದ ಕೊನೆಗೆ ಗೋಶೆ ಮಕ್ಕಳೆಷ್ಟು ಎಂದು ಕೇಳಿದರೆ ಕಂಪ್ಯೂಟರಿನಲ್ಲಿ ಉತ್ತರವಿರುವುದಿಲ್ಲ, ಯಾರಾದರೂ ಕೂತು ಫೈಲುಗಳನ್ನು ಒಂದೊಂದಾಗಿ ಬಿಚ್ಚಬೇಕು.

ಈ ತೊಡಕಿಗೆ ಈಗ ಕೈಗೆಟುಕುವ ಸಾಧನಗಳಲ್ಲಿ ಆರ್ಫಾನೆಟ್‌ನ ಆರ್ಫಾ ಕೋಡೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆ ಇನ್ಸರ್ಮ್ 1997ರಲ್ಲಿ ಶುರುಮಾಡಿದ, ಅಪರೂಪದ ಕಾಯಿಲೆಗಳ ಮಾಹಿತಿ ಜಾಲವಾದ ಆರ್ಫಾನೆಟ್, ಕಾಯಿಲೆಗೊಂದು ಪ್ರತ್ಯೇಕ ಸಂಖ್ಯೆ ಕೊಡುತ್ತದೆ: ಗೋಶೆ 355, ಫ್ಯಾಬ್ರಿ 324, ಕಿಣ್ವದ ಕೊರತೆಯದೇ ಇನ್ನೊಂದು ಕಾಯಿಲೆಯಾದ ಪಾಂಪೆ 365. ಈ ಸಂಖ್ಯೆಗಳ ಪಟ್ಟಿಯನ್ನು ಆರ್ಫಾನೆಟ್‌ನದೇ ಆರ್ಫಾಡೇಟಾ ತಾಣದಿಂದ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಗೋಶೆಯನ್ನು ಒಬ್ಬರು ಗೌಚರ್ ಎಂದು ಬರೆಯಲಿ, ಇನ್ನೊಬ್ಬರು ಗೌಷರ್ ಎನ್ನಲಿ, 355 ಬದಲಾಗುವುದಿಲ್ಲ.

ಐಸಿಡಿ ಕೋಡನ್ನು ತೆಗೆಯಬೇಡಿ, ಅದರ ಪಕ್ಕದಲ್ಲೇ ನಾಲ್ಕು ಕಾಲಂ ಸೇರಿಸಿ: ಆರ್ಫಾ ಸಂಖ್ಯೆ, ಕಾಯಿಲೆಯ ಪೂರ್ತಿ ಹೆಸರು, ಪಟ್ಟಿ ಯಾವ ವರ್ಷದ್ದು, ರೋಗನಿರ್ಣಯ ಖಚಿತವೋ ಶಂಕೆಯೋ. ಹೆಸರಿನ ಕಾಲಂ ಬಿಡಲೇಬಾರದು. 355 ಮತ್ತು 365 ನೋಡಿ. ನಡುವಿನ ಒಂದೇ ಅಂಕಿ ತಪ್ಪಿದರೆ ಗೋಶೆಯ ಮಗು ಪಾಂಪೆಯ ಲೆಕ್ಕಕ್ಕೆ ಹೋಗುತ್ತದೆ, ಎರಡಕ್ಕೂ ಕೊಡುವ ಕಿಣ್ವದ ಔಷಧಿ ಬೇರೆ ಬೇರೆ. ಬ್ಯಾಂಕ್ ಕಾರ್ಡಿನ ನಂಬರಿನಲ್ಲಿರುವಂತೆ ತಪ್ಪು ಹಿಡಿದುಕೊಡುವ ಅಂಕಿ ಇದರಲ್ಲಿಲ್ಲ. ದೊಡ್ಡ ಕೊರತೆಯಿದು. ಹೆಸರು ಮತ್ತು ಸಂಖ್ಯೆ ಹೊಂದುತ್ತವೆಯೇ ಎಂದು ಇನ್ನೊಬ್ಬರು ನೋಡುವುದೊಂದೇ ದಾರಿ.

ಪಟ್ಟಿಯಲ್ಲಿ ಗುಂಪು, ಕಾಯಿಲೆ, ಉಪವಿಧ ಎಂಬ ಮೂರು ಹಂತಗಳಿವೆ. ಗೋಶೆಯ ಮೊದಲ ವಿಧಕ್ಕೆ 77259 ಎಂಬ ಸ್ವಂತ ಸಂಖ್ಯೆಯಿದೆ. ಒಬ್ಬ ವೈದ್ಯರು 355 ಬರೆದು ಮತ್ತೊಬ್ಬರು 77259 ಬರೆದರೆ, 355 ಎಂದು ಹುಡುಕಿದಾಗ ಅರ್ಧ ಮಕ್ಕಳು ಕಾಣೆ! ಉಪವಿಧ ಗೊತ್ತಿದ್ದರೆ ಅದನ್ನೇ ಬರೆಯಿರಿ, ಎಣಿಸುವಾಗ ಕಾಯಿಲೆಯ ಹಂತಕ್ಕೆ ಏರಿಸಿ ಕೂಡಿ. ಗುಂಪಿನ ಸಂಖ್ಯೆಯನ್ನು ರೋಗಿಗೆ ಹಚ್ಚಲೇಬೇಡಿ.

ಇನ್ನೊಂದು ಎಡವಟ್ಟು ಎಣಿಕೆಯಲ್ಲಿ. ಗೋಶೆಯ ಕಿಣ್ವವನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ಪ್ರತಿ ಸಲವೂ ಹೊಸ ಅಡ್ಮಿಷನ್ ಎಂದು ದಾಖಲಾದರೆ ಒಂದೇ ಮಗು ವರ್ಷಕ್ಕೆ 26 ಸಾಲಾಗುತ್ತದೆ. ಸಾಲುಗಳನ್ನಲ್ಲ, ರೋಗಿಯ ಸ್ಥಿರ ನಂಬರನ್ನು ಎಣಿಸಿ. ಎಲ್ಲ ಪರೀಕ್ಷೆ ಮುಗಿದರೂ ಹೆಸರು ಸಿಗದ ಕಾಯಿಲೆಗೆ 616874 ಇದೆ. ವರದಿ ಇನ್ನೂ ಬರಬೇಕಾದವರನ್ನು ಅದರಡಿ ಹಾಕಿದರೆ ಆ ಸಂಖ್ಯೆಗೆ ಅರ್ಥವೇ ಉಳಿಯದು.

ಐಸಿಡಿಗೆ ಹೊಂದಿಸುವ ಕೋಷ್ಟಕವೂ ಪಟ್ಟಿಯ ಜೊತೆ ಸಿಗುತ್ತದೆ. 355ರಿಂದ ಇ75.2ಕ್ಕೆ ಹೋಗಬಹುದು, ಇ75.2ರಿಂದ 355ಕ್ಕೆ ಮರಳಲಾಗದು. ಹಳೆಯ ದಾಖಲೆಗಳನ್ನು ಸಾಫ್ಟ್‌ವೇರ್ ತಾನೇ ಪರಿವರ್ತಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ ಅಪರೂಪದ ಕಾಯಿಲೆಗಳು ಹೆಚ್ಚಿವೆ, ಆದರೂ ಎಷ್ಟೋ ಕಾಯಿಲೆಗಳಿಗೆ ಅಲ್ಲಿಯೂ ಸ್ವಂತ ಕೋಡಿಲ್ಲ.

ಈ ಕೆಲಸ ನಮಗೇಕೆ ಬೇಕು? ಯುರೋಪಿನಲ್ಲಿ 10,000ಕ್ಕೆ 5ಕ್ಕಿಂತ ಹೆಚ್ಚು ಜನರಿಗಿರದ ಕಾಯಿಲೆ ಅಪರೂಪದ್ದು. ಭಾರತದ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಅಂಥ ಅಳತೆಯೇ ಇಲ್ಲ, ಎಣಿಕೆಯ ಮಾಹಿತಿ ಇಲ್ಲದ್ದರಿಂದ. ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವುಂಟು. ಎಷ್ಟು ಮಕ್ಕಳಿಗೆ, ಯಾವ ಔಷಧಿ ಎಂದು ಮೊದಲೇ ಅಂದಾಜಿಸಲು ಈ ಕಾಲಂಗಳೇ ಬೇಕು.

ಪಟ್ಟಿ ಹಲವು ಯುರೋಪಿಯನ್ ಭಾಷೆಗಳಲ್ಲಿದೆ, ಕನ್ನಡದಲ್ಲಿಲ್ಲ. ಪಾಲಕರ ಕೈಗೆ ಕೊಡುವ ಚೀಟಿಯಲ್ಲಿ ಕನ್ನಡದ ಹೆಸರನ್ನೂ ಆರ್ಫಾ ಸಂಖ್ಯೆಯನ್ನೂ ಒಟ್ಟಿಗೆ ಬರೆದುಕೊಡಿ. ಹೊಸದಾಗಿ ಶುರುಮಾಡುವವರು ಎಲ್ಲ ಹಳೆ ಫೈಲುಗಳಿಗೂ ಕೈ ಹಾಕದೆ ಇ75.2, ಇ74.0 (ಪಾಂಪೆಯಂಥ ಗ್ಲೈಕೋಜನ್ ಶೇಖರಣೆಯ ಕಾಯಿಲೆಗಳು), ಜಿ71.0 (ಸ್ನಾಯು ಕ್ಷಯದ ಕಾಯಿಲೆಗಳು) ಎಂಬ ಮೂರು ಕೋಡಿನವನ್ನು ಮೊದಲು ತೆಗೆಯಲಿ. ಬೇರೆ ಬೇರೆ ಕಾಯಿಲೆಗಳು ಅಲ್ಲಿ ಒಂದೇ ಕೋಡಿನಡಿ ಕಲೆತಿವೆ.