ಲ್ಯಾಪ್‌ಟಾಪ್‌ನ ವೈ-ಫೈ ಕಾರ್ಡ್ ಬದಲಿಸುವ ಮುನ್ನ ಆಂಟೆನಾ ವೈರ್‌ಗಳನ್ನು ನೋಡಿ

ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ವೈ-ಫೈ ಕಾರ್ಡ್ ಹಾಕಿಸಿದರೆ ಇಂಟರ್ನೆಟ್ ಚುರುಕಾಗುತ್ತದೆ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಬೆಲೆ ಹೆಚ್ಚಿಲ್ಲ, ಒಂದು ಸ್ಕ್ರೂ ಬಿಚ್ಚಿ ಹಾಕಿದರೆ ಮುಗಿಯುವ ಕೆಲಸ ಎಂದು ರಿಪೇರಿ ಅಂಗಡಿಯವರೂ ಧೈರ್ಯ ಹೇಳುತ್ತಾರೆ. ಆ ಮಾತಿನ ಮೇಲೆ ನಾನು ವೈ-ಫೈ 6 ಕಾರ್ಡ್ ಹಾಕಿಸಿಕೊಂಡೆ. ರೂಟರ್ ಇರುವ ಹಾಲ್‌ನಲ್ಲಿ ವೇಗ ಹೆಚ್ಚಿದ್ದು ನಿಜ. ಆದರೆ ಎರಡು ಗೋಡೆಗಳ ಆಚೆಗಿರುವ ನನ್ನ ಕೆಲಸದ ಕೋಣೆಯಲ್ಲಿ, ಹಿಂದೆ ವಿಡಿಯೊ ಸಭೆಗಳು ಯಾವ ತೊಡಕೂ ಇಲ್ಲದೆ ನಡೆಯುತ್ತಿದ್ದ ಅದೇ ಮೇಜಿನ ಮೇಲೆ, ಸಂಪರ್ಕ ಪದೇ ಪದೇ ಕಡಿದುಹೋಗತೊಡಗಿತು.

ಸಿಗ್ನಲ್‌ನ ಗೆರೆಗಳನ್ನು ನಂಬಿ ಅಂಗಡಿಯವರೊಂದಿಗೆ ವಾದಿಸಲು ಆಗುವುದಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್’ (netsh wlan show interfaces) ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಸಿಗ್ನಲ್ ಎಷ್ಟು ಶೇಕಡಾ ಇದೆ, ಕಾರ್ಡ್ ಯಾವ ಚಾನೆಲ್‌ನಲ್ಲಿದೆ ಎಂಬುದು ತಿಳಿಯುತ್ತದೆ. ಅದೇ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್‌ಗಿಂತ ಹಳೆಯದಾದ, ಮನೆಯವರ ಲ್ಯಾಪ್‌ಟಾಪ್ ಶೇ 68 ತೋರಿಸಿದರೆ ನನ್ನದು ಶೇ 34ರ ಆಸುಪಾಸಿನಲ್ಲೇ ಹೊಯ್ದಾಡುತ್ತಿತ್ತು. ಈ ಅಂಕಿಗಳನ್ನು ತೋರಿಸಿದಾಗ ಅಂಗಡಿಯವರು, “ಸಾರ್, ಕಾರ್ಡ್ ಹೊಸದು, ನಿಮ್ಮ ರೂಟರ್ ಹಳೇದಾಗಿದೆ, ಅದನ್ನ ಚೇಂಜ್ ಮಾಡಿ ಸರಿಹೋಗತ್ತೆ” ಎಂದರು. ಅದೇ ರೂಟರ್‌ನಿಂದ ಇನ್ನೊಂದು ಲ್ಯಾಪ್‌ಟಾಪ್‌ಗೆ ಸಿಗ್ನಲ್ ಸರಿಯಾಗಿ ಬರುತ್ತಿರುವುದು ಹೇಗೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಹಾರ್ಡ್‌ವೇರ್ ಬಲ್ಲ ಪರಿಚಿತರೊಬ್ಬರು ನನ್ನೆದುರಿಗೇ ತಳಭಾಗದ ಮುಚ್ಚಳ ತೆಗೆದಾಗ ನಿಜಸಂಗತಿ ಕಣ್ಣಿಗೆ ಬಿತ್ತು. ಹೊಸ ಕಾರ್ಡಿನಲ್ಲಿ ಎರಡು ಆಂಟೆನಾಗಳಿಗಾಗಿ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಎರಡು ಚಿನ್ನದ ಬಣ್ಣದ ಗುಬುಟುಗಳಿದ್ದವು. ಲ್ಯಾಪ್‌ಟಾಪ್‌ನ ಪರದೆಯ ಕಡೆಯಿಂದ ಹಿಂಜ್‌ನ ಮೂಲಕ ಇಳಿದುಬಂದಿದ್ದುದು ಮಾತ್ರ ಒಂದೇ ಒಂದು ಕಪ್ಪು ವೈರ್. ಕಡಿಮೆ ಬೆಲೆಯ ಅನೇಕ ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಒಂದೇ ಆಂಟೆನಾ ಬಂದಿರುತ್ತದೆ, ಏಕೆಂದರೆ ಅವುಗಳ ಮೂಲ ಕಾರ್ಡಿಗೆ ಬೇಕಾದದ್ದು ಅಷ್ಟೇ. ಎರಡನೆಯ ಗುಬುಟಿಗೆ ಅಂಗಡಿಯವರು ಸ್ಟಿಕರ್‌ನಂತಹ ತೆಳು ಆಂಟೆನಾವೊಂದನ್ನು ಸಿಕ್ಕಿಸಿ, ಅದನ್ನು ಕೈ ಊರುವ ಭಾಗದ ಕೆಳಗೆ, ಬ್ಯಾಟರಿಗೂ ಲೋಹದ ತಗಡಿಗೂ ನಡುವೆ ಅಂಟಿಸಿದ್ದರು. ಲೋಹ ಸುತ್ತುವರಿದ ಜಾಗದಲ್ಲಿ ಆಂಟೆನಾ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬ ಕಾರಣಕ್ಕೇ ತಯಾರಕರು ಅದನ್ನು ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿ, ಎತ್ತರದಲ್ಲಿ ಇಟ್ಟಿರುತ್ತಾರೆ. ಸಾಲದ್ದಕ್ಕೆ, ಕಪ್ಪು ವೈರ್‌ನ ತುದಿಯೂ ಓರೆಯಾಗಿ, ಅರ್ಧ ಮಾತ್ರ ಕುಳಿತಿತ್ತು. ಅದನ್ನು ಒತ್ತಿಹಿಡಿಯಬೇಕಾದ ಪುಟ್ಟ ಪ್ಲಾಸ್ಟಿಕ್ ಪಟ್ಟಿಯನ್ನು ಮರಳಿ ಹಾಕಿರಲೇ ಇಲ್ಲ.

ಆ ತುದಿಯನ್ನು ನೇರವಾಗಿ ಕೂರಿಸಿದ ಮೇಲೆ ಸ್ಥಿತಿ ಸ್ವಲ್ಪ ಸುಧಾರಿಸಿತು, ಆದರೆ ಪೂರ್ತಿ ಸರಿಹೋಗಲಿಲ್ಲ. ಹಳೆಯ ಕಾರ್ಡ್ ವೈ-ಫೈನ ತರಂಗಾಂತರಗಳ ಪೈಕಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿದ್ದುದರಿಂದ ಪರದೆಯ ಅಂಚಿನ ಆಂಟೆನಾವೂ ಆ ಒಂದು ತರಂಗಾಂತರಕ್ಕೆಂದೇ ರೂಪುಗೊಂಡಿತ್ತು. ಹೊಸ ಕಾರ್ಡ್ ಅವಕಾಶ ಸಿಕ್ಕಾಗಲೆಲ್ಲ 5 ಗಿಗಾಹರ್ಟ್ಸ್‌ಗೆ ಹಾರುತ್ತಿತ್ತು. ಯಾವ ಗೋಡೆಯೂ ಇಲ್ಲದ ಬಯಲಿನಲ್ಲೂ, ಒಂದೇ ದೂರದಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ 2.4ಕ್ಕಿಂತ ಸುಮಾರು 7 ಡೆಸಿಬೆಲ್ ಕಡಿಮೆ ತಲುಪುತ್ತದೆ, ಅಂದರೆ ಶಕ್ತಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಭಾಗ. ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಅದನ್ನು ಇನ್ನಷ್ಟು ನುಂಗುತ್ತವೆ. ಇದಕ್ಕೆ ಹೊಂದದ ಆಂಟೆನಾವೂ ಸೇರಿದರೆ ಹಾಲ್‌ನಲ್ಲಿ ಹಾರುವ ಲ್ಯಾಪ್‌ಟಾಪ್ ಒಳಕೋಣೆಯಲ್ಲಿ ತೆವಳುವುದರಲ್ಲಿ ಆಶ್ಚರ್ಯವಿಲ್ಲ. ಕಾರ್ಡನ್ನು ದೂರುವಂತಿಲ್ಲ, ಅದು ಒಳ್ಳೆಯ ಕಾರ್ಡೇ. ಆಂಟೆನಾಗಳ ಸಂಗತಿಯನ್ನು ಗಿರಾಕಿಗೆ ತಿಳಿಸದೆ, ಗೋಂದು ಹಚ್ಚಿ ಮುಚ್ಚಳ ಹಾಕಿದ ಕೆಲಸದ ಬಗ್ಗೆ ಮಾತ್ರ ನನ್ನ ತಕರಾರು.

ಹಳೆಯ ಕಾರ್ಡನ್ನೇ ಮತ್ತೆ ಹಾಕಿಸೋಣವೆಂದರೆ ಅದನ್ನು ಅಂಗಡಿಯವರು ‘ಎಕ್ಸ್‌ಚೇಂಜ್’ ಲೆಕ್ಕದಲ್ಲಿ ಇಟ್ಟುಕೊಂಡಿದ್ದರು, ಕೇಳಲು ಹೋದಾಗ ಅದು ಬೇರೆಲ್ಲಿಗೋ ಹೋಗಿಯಾಗಿತ್ತು. ಆದ್ದರಿಂದ ಎಷ್ಟೇ ಹಳೆಯದಿರಲಿ, ತೆಗೆದ ಕಾರ್ಡನ್ನು ಬಿಟ್ಟುಬರಬೇಡಿ. ಹಣ ಕೊಡುವ ಮುನ್ನವೇ ತಳಭಾಗದ ಮುಚ್ಚಳ ತೆಗೆಸಿ, ಎಷ್ಟು ವೈರ್‌ಗಳಿವೆ ಎಂದು ಕಣ್ಣಾರೆ ನೋಡಿ. ಒಂದೇ ಇದ್ದರೆ ಎರಡು ಆಂಟೆನಾಗಳ ಕಾರ್ಡ್ ಬೇಡವೆಂದೇ ಹೇಳುತ್ತೇನೆ. ‘ಮಿನಿ ಪಿಸಿಐಇ’ ಎಂಬ ಹಳೆಯ ಬಗೆಯ ಕಾರ್ಡಿನ ವೈರ್‌ಗಳ ತುದಿ ದೊಡ್ಡದು, ‘ಎಂ.2’ ಎಂಬ ಈಗಿನ ಬಗೆಯ ಕಾರ್ಡುಗಳದ್ದು ಚಿಕ್ಕದು. ಬಲವಂತದಿಂದ ಒತ್ತಿದರೆ ಗುಬುಟೇ ಕಿತ್ತುಬರುತ್ತದೆ. ಈ ತುದಿಗಳನ್ನು ಹತ್ತಾರು ಬಾರಿ ತೆಗೆದುಹಾಕಿದರೂ ಹಿಡಿತ ಸಡಿಲವಾಗುವುದರಿಂದ ಪ್ರಯೋಗಕ್ಕೆಂದು ಪದೇ ಪದೇ ಕೀಳಿಸುವುದೂ ಒಳ್ಳೆಯದಲ್ಲ. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸವಿರುವ ಕಾರ್ಡುಗಳ ಬಗ್ಗೆಯೂ ಜಾಗ್ರತೆ ಇರಲಿ: ಇಂಟೆಲ್ ಎಎಕ್ಸ್200 ಎಂ.2 ಸ್ಲಾಟ್‌ನ ಸಾಮಾನ್ಯ ಪಿಸಿಐಇ ಸಂಪರ್ಕದಲ್ಲೇ ನಡೆಯುವ ಕಾರ್ಡ್, ಆದರೆ ಎಎಕ್ಸ್201 ಅದಕ್ಕೆಂದೇ ಸೌಲಭ್ಯವಿರುವ ಇಂಟೆಲ್ ಪ್ರೊಸೆಸರ್‌ನ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಂತೂ ತಯಾರಕರ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗುವುದನ್ನೇ ನಿಲ್ಲಿಸುತ್ತವೆ.

ಸದ್ಯ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ‘ಪ್ರಿಫರ್ಡ್ ಬ್ಯಾಂಡ್’ ಎಂಬಲ್ಲಿ 2.4 ಗಿಗಾಹರ್ಟ್ಸ್ ಆರಿಸಿದ್ದೇನೆ. ಸಂಪರ್ಕ ಈಗ ಕಡಿಯುತ್ತಿಲ್ಲ, ಆದರೆ ವೇಗ ಹಳೆಯ ಕಾರ್ಡಿನಷ್ಟೇ. ಎರಡೂ ತರಂಗಾಂತರಗಳ ಆಂಟೆನಾ ಜೋಡಿಯನ್ನು ಪರದೆಯ ಅಂಚಿನಲ್ಲಿ ಕೂರಿಸಬೇಕೆಂದರೆ ಪರದೆಯನ್ನೇ ಬಿಚ್ಚಬೇಕು, ಅದರ ಕೂಲಿಯೇ ಕಾರ್ಡಿನ ಬೆಲೆಯನ್ನು ಮೀರುತ್ತದೆ ಎಂದು ಬೇರೊಂದು ಅಂಗಡಿಯವರು ಲೆಕ್ಕ ಕೊಟ್ಟಿದ್ದಾರೆ. ಅದರ ಬದಲು ಹೊರಗೆ ಆಂಟೆನಾ ಇರುವ ಯುಎಸ್‌ಬಿ ಅಡಾಪ್ಟರ್ ಕೊಂಡರೆ ಮುಚ್ಚಳ ಬಿಚ್ಚುವ ಪ್ರಮೇಯವೇ ಇಲ್ಲ, ಸರಿಹೋಗದಿದ್ದರೆ ಹಿಂದಿರುಗಿಸುವುದೂ ಸುಲಭ.